ವಾಯವ್ಯ ಮೂಲೆಯ ಸಮಾಚಾರ

"ಕಟ್ಸಿ ಇಪ್ಪತ್ತೆರಡು ವರ್ಷ ಆಯ್ತು ಕಣ್ರೀ, ಒಂದ್ಸಲಾನೂ ತುಂಬಿಲ್ಲ!"

ಮಾಯಸಂದ್ರದ ಕಾಫಿ ಹೋಟೆಲಿನಲ್ಲಿ ಈ ಮಾತು ಕಿವಿಗೆ ಬಿದ್ದ ಪರಊರಿನವರು, ಅಯ್ಯೋ ಪಾಪ, ಈ ಮನುಷ್ಯನ ತೋಟಕ್ಕೆ ನುಸಿ ಬಿದ್ದು ಅಟ್ಟಕ್ಕೆ ಕಾಯೇ ಏರಿಲ್ಲವೆಂದು ಮರುಗಿಯಾರು. ಮರುಗಬೇಕಾಗಿಲ್ಲ. ಅಟ್ಟ ತುಂಬದ ಸುದ್ದಿಯನ್ನು ನಮ್ಮ ಸೀಮೆಯಲ್ಲಿ ಯಾರೂ ಹೋಟೆಲಿನಲ್ಲಿ ಕೂತು ಎದೆಯುಬ್ಬಿಸಿ ಹೇಳುವುದಿಲ್ಲ. ಇದು ಸೆಪ್ಟಿಕ್ ಟ್ಯಾಂಕಿನ ಮಾತು. ಗಾರೆ ಮೇಸ್ತ್ರಿಗಳ ಬಾಯಲ್ಲಿ ಅದು ಸೇಫ್ಟಿ ಟ್ಯಾಂಕು, ನಮ್ಮಮ್ಮನ ಬಾಯಲ್ಲಿ ಬರೀ ಗುಂಡಿ. ಇತ್ತ ತುರುವೇಕೆರೆ, ಅತ್ತ ತಿಪಟೂರು, ಚಿಕ್ಕನಾಯಕನಹಳ್ಳಿ, ಎಲ್ಲಿಗೆ ಹೋದರೂ ತುಂಬಲಿಲ್ಲವೆಂದು ಜನ ಹೆಮ್ಮೆಪಡುವ ಉಗ್ರಾಣ ಇದೊಂದೇ.

ಮೇಲಿನ ಉಗ್ರಾಣ ಅಟ್ಟ. ಅಲ್ಲಿ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಸಿಪ್ಪೆಯೊಳಗೇ ತಪಸ್ಸಿಗೆ ಕೂತು, ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಎಷ್ಟು ಕಾಯಿ ಏರಿಸಿದೆವು, ಎಷ್ಟನ್ನು ಇಲಿ ಕೊರೆಯಿತು, ತಿಪಟೂರು ಮಾರುಕಟ್ಟೆಯಲ್ಲಿ ಹರಾಜು ಎಷ್ಟಕ್ಕೆ ನಿಂತಿತು, ಎಲ್ಲವೂ ಯಜಮಾನನ ನಾಲಗೆಯ ತುದಿಯಲ್ಲಿ. ಕೆಳಗಿನ ಉಗ್ರಾಣಕ್ಕೂ ಮನೆಮಂದಿಯೆಲ್ಲ ದಿನಾ ತಪ್ಪದೆ ಜಮೆ ಕಟ್ಟುತ್ತಾರೆ. ಪಾಸ್‌ಬುಕ್ ಮಾತ್ರ ಯಾರೂ ತೆರೆದು ನೋಡುವುದಿಲ್ಲ.

ತಾತನ ಕಾಲಕ್ಕೆ ಈ ರಗಳೆ ಇರಲಿಲ್ಲ. ಚೊಂಬು ಹಿಡಿದು ತೋಟಕ್ಕೆ ಹೋದರೆ ಮುಗಿಯಿತು. ಹೆಂಗಸರಿಗೆ ಮಾತ್ರ ಕತ್ತಲಾಗುವವರೆಗೆ ಕಾಯುವ ಶಿಕ್ಷೆ. ಆಮೇಲೆ ಬೆಂಗಳೂರಿನ ಸಂಬಂಧಗಳು ಕೂಡಿಬರತೊಡಗಿದವು. ತೋಟ ಎಷ್ಟು ಎಕರೆ ಎಂದು ಕೇಳುವ ಮೊದಲೇ ಬೀಗರು "ಅಟ್ಯಾಚ್ಡ್ ಇದೆಯಾ?" ಎಂದು ಕೇಳತೊಡಗಿದರು. 2014ರಲ್ಲಿ ಸ್ವಚ್ಛ ಭಾರತ ಬಂದು, ಕಕ್ಕಸು ಕಟ್ಟಿಸಿದರೆ 12,000 ರೂಪಾಯಿ ಸಹಾಯಧನ ಎಂದಾಗ ಉಳಿದವರೂ ಗುದ್ದಲಿ ಎತ್ತಿಕೊಂಡರು.

ಎಲ್ಲಿ ತೋಡಬೇಕು ಎಂಬುದಕ್ಕೆ ಇಂಜಿನಿಯರ್ ಬೇಕಿಲ್ಲ, ವಾಸ್ತು ಇದೆ. ಬೋರ್‌ವೆಲ್ ಈಶಾನ್ಯಕ್ಕೆ, ಟ್ಯಾಂಕು ವಾಯವ್ಯಕ್ಕೆ. ಈ ಒಂದು ವಿಷಯದಲ್ಲಿ ನಮ್ಮೂರಿನಲ್ಲಿ ಪಕ್ಷಭೇದವಿಲ್ಲ, ಜಾತಿಭೇದವೂ ಇಲ್ಲ. ಒಂಟಿ ಮನೆಯ ಮಟ್ಟಿಗೆ ಇದು ಬುದ್ಧಿವಂತಿಕೆಯೇ: ಕುಡಿಯುವುದು ಒಂದು ಮೂಲೆ, ಕಳೆಯುವುದು ಇನ್ನೊಂದು ಮೂಲೆ. ಆದರೆ ಊರೆಂದರೆ ಒಂಟಿ ಮನೆಯಲ್ಲವಲ್ಲ. ನಮ್ಮ ಸೈಟಿನ ವಾಯವ್ಯ ಮುಗಿದಲ್ಲಿ ಪಡುವಣ ಮನೆಯವರ ಈಶಾನ್ಯ ಶುರುವಾಗುತ್ತದೆ. ಹಾಗೆಯೇ ಮೂಡಣ ಮನೆಯ ನಿವೃತ್ತ ಮೇಷ್ಟ್ರ ವಾಯವ್ಯ ನಮ್ಮ ಈಶಾನ್ಯಕ್ಕೆ ಆತುಕೊಂಡಿದೆ. ನಡುವೆ ಇರುವುದು ಒಂದು ಕಾಂಪೌಂಡು. ಅದು ನೆಲದಿಂದ ಮೇಲಕ್ಕೆ ಆರಡಿ ಗಟ್ಟಿಯಾಗಿದೆ. ನೆಲದ ಕೆಳಗೆ ಹರಿಯುವ ನೀರಿಗೆ ಕಾಂಪೌಂಡಿನ ಸುದ್ದಿ ಯಾರು ತಿಳಿಸಬೇಕು? ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಇಡೀ ಬೀದಿಯಲ್ಲಿ ಒಬ್ಬರ ಟ್ಯಾಂಕೂ ಇನ್ನೊಬ್ಬರ ಬೋರೂ ಅಂಟಿಕೊಂಡೇ ಸಂಸಾರ ಮಾಡುತ್ತಿವೆ.

ಸರ್ಕಾರದ ವಾಸ್ತು ಬೇರೆ. ಅದರ ಹೆಸರು ಐಎಸ್ 2470. ಇಂಗುಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ಕನಿಷ್ಠ 18 ಮೀಟರ್, ಅಂದರೆ 59 ಅಡಿ ಅಂತರ ಇರಬೇಕೆಂದು ಅದು ಹೇಳುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ದಾರ ಹಿಡಿದರೂ ಸಿಗುವುದು 50 ಅಡಿ. ಈ ಲೆಕ್ಕ ಮಾಡಿಕೊಟ್ಟವರು ಮೇಷ್ಟ್ರೇ. ಪೈಥಾಗೊರಸ್ ಪ್ರಮೇಯ ಸರ್ವೀಸಿನಲ್ಲಿದ್ದಾಗ ಉಪಯೋಗಕ್ಕೆ ಬಂದಿರಲಿಲ್ಲ, ಪೆನ್ಷನ್ ಬಂದ ಮೇಲೆ ಬಂತು ಎಂದು ಸಂತೋಷಪಟ್ಟರು. ಹೀಗಾಗಿ ಇಬ್ಬರೂ ಕೊಡಪಾನ ಬಿಟ್ಟು ಕ್ಯಾನ್ ಹಿಡಿದಿದ್ದೇವೆ. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ, ನೀರು ತುಂಬುವವರೆಗೆ ಬೋರಿನ ಆಳದ ಬಗ್ಗೆ ಮಾತಾಡಿಕೊಳ್ಳುತ್ತೇವೆ.

ಅದೇ ಸರ್ಕಾರಿ ಪುಸ್ತಕದ ಪ್ರಕಾರ ಐದು ಜನರ ಸಂಸಾರಕ್ಕೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳದ ಟ್ಯಾಂಕು ಸಾಕು. ಎರಡು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ನಮ್ಮ ಮೇಸ್ತ್ರಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟ. "ಅದು ಕೋಳಿ ಗೂಡಿನ ಅಳತೆ. ಹತ್ತಡಿ ತೋಡ್ಸಿ, ಮೊಮ್ಮಕ್ಕಳ ಕಾಲಕ್ಕೂ ತಿರುಗಿ ನೋಡಂಗಿಲ್ಲ." ತಳಕ್ಕೆ ಕಾಂಕ್ರೀಟ್ ಹಾಕುವ ಮಾತೆತ್ತಿದರೆ, ಹಾಕಿದರೆ ಬೇಗ ತುಂಬಿಬಿಡುತ್ತದಲ್ಲ ಎಂಬ ಕಾಳಜಿ. ನಮ್ಮಪ್ಪ ಹಟ ಹಿಡಿದು ತಳ ಹಾಕಿಸಿದರು, ಎರಡು ಕೋಣೆ ಮಾಡಿಸಿದರು. ಮೇಸ್ತ್ರಿ ಅಂದಿನಿಂದ ನಮ್ಮ ಮನೆಯವರನ್ನು ದುಡ್ಡು ಹೆಚ್ಚಾದವರೆಂದು ತಿಳಿದಿದ್ದಾನೆ.

ಒಳಗೆ ನಡೆಯುವ ಕೆಲಸ ದೊಡ್ಡದೇನಲ್ಲ. ಭಾರವಾದದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಕೆನೆಗಟ್ಟಿ ತೇಲುತ್ತದೆ, ನಡುವಿನ ತಿಳಿ ಪಕ್ಕದ ಕೋಣೆಗೆ ದಾಟಿ, ಅಲ್ಲಿಂದ ಇಂಗುಗುಂಡಿಗೆ ಹೋಗುತ್ತದೆ. ತಳದ ಕೆಸರನ್ನು ಗಾಳಿ ಬೇಡದ ಬ್ಯಾಕ್ಟೀರಿಯಾಗಳು ತಿಂದು ಕರಗಿಸುತ್ತವೆ. ಕೂಲಿ ಕೇಳದ, ಬಸ್ಸಾರು ಮುದ್ದೆ ಬೇಡದ ಆಳುಗಳು. ಗೃಹಪ್ರವೇಶದ ದಿನ ಒಂದು ಬಕೆಟ್ ಸಗಣಿ ನೀರು ಸುರಿದು ಈ ಆಳುಗಳನ್ನು ಮರ್ಯಾದೆಯಿಂದ ಒಳಗೆ ಕರೆದುಕೊಂಡೆವು. ಆಮೇಲೆ ಪ್ರತಿ ಶನಿವಾರ ಆಸಿಡ್, ಫಿನಾಯಿಲ್ ಸುರಿದು ಸಾಯಿಸುತ್ತ ಬಂದೆವು. ಕಕ್ಕಸು ಬೆಳ್ಳಗೆ ಹೊಳೆದಷ್ಟೂ ಟ್ಯಾಂಕಿನೊಳಗೆ ಸೂತಕ.

ನಮ್ಮ ಕಕ್ಕಸು ಮಾತಾಡತೊಡಗಿದ್ದು ಒಂದು ಹಬ್ಬದ ಹಿಂದುಮುಂದಿನಲ್ಲಿ, ಮನೆ ತುಂಬ ನೆಂಟರಿದ್ದಾಗ. ನೀರು ಹಾಕಿದರೆ ಗೊಳಗೊಳ ಎಂದು ಗೊಣಗಿ, ಸ್ವಲ್ಪ ಯೋಚಿಸಿ, ಆಮೇಲೆ ಇಳಿಯುತ್ತಿತ್ತು. ಪೈಪಿನಲ್ಲಿ ಗಾಳಿ ಸಿಕ್ಕಿದೆ ಎಂದರು ಒಬ್ಬರು. ಬೆಂಡ್ ಸರಿಯಿಲ್ಲ ಎಂದರು ಇನ್ನೊಬ್ಬರು. ಟ್ಯಾಂಕು ತುಂಬಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ, ಹೇಳಿದರೆ ಮನೆತನಕ್ಕೇ ಕಳಂಕ ಎಂಬಂತೆ. ಕಡೆಗೆ ಅಮ್ಮನೇ ಅಂದಳು: "ತಿಂತಾ ಇರೋದು ಕಾಣಲ್ವಾ? ಇನ್ನೇನ್ ಆಗ್ತದೆ? ಗಾಡಿ ಕರೆಸು."

ಗಾಡಿ ಕರೆಸುವುದು ಸುಲಭ. ಹಿಂದಿನ ಕಾಲದ ಎಲೆಕ್ಷನ್ ಬರಹ ಅಳಿಸಿಹೋದ ಗೋಡೆಗಳ ಮೇಲೆಲ್ಲ ಈಗ ಟ್ಯಾಂಕ್ ಕ್ಲೀನಿಂಗಿನವರ ಫೋನ್ ನಂಬರುಗಳೇ. ಕಷ್ಟವಿದ್ದದ್ದು ಮುಚ್ಚಳ ಹುಡುಕುವುದರಲ್ಲಿ. ಅಪ್ಪ ಹೋದ ಮೇಲೆ, ಕಾಯಿ ಹರಡಲು ಹಿತ್ತಲಿಗೆಲ್ಲ ಸಿಮೆಂಟ್ ಕಣ ಬಳಿಸಿದ್ದ ನಮ್ಮ ಚಿಕ್ಕಪ್ಪ ಮುಚ್ಚಳವನ್ನೂ ಸೇರಿಸಿ ನುಣ್ಣಗೆ ಮಾಡಿಸಿದ್ದರು. ಕೇಳಿದರೆ ಕೈಯನ್ನು ಅರ್ಧ ಹಿತ್ತಲಿನಷ್ಟು ಅಗಲಕ್ಕೆ ಬೀಸಿ "ಇಲ್ಲೇ ಎಲ್ಲೋ" ಎಂದರು. ಅಮ್ಮನ ನಕ್ಷೆ ಇನ್ನೂ ಹಳೆಯದು: "ಕೆಂದೆಮ್ಮೆ ಕಟ್ತಿದ್ದ ಗೂಟದಿಂದ ಎರಡು ಮಾರು." ಎಮ್ಮೆಯೂ ಇಲ್ಲ, ಗೂಟವೂ ಇಲ್ಲ. ಹಾರೆಯ ಹಿಂಬದಿಯಿಂದ ಕಣವನ್ನು ಕುಟ್ಟುತ್ತ ನಡೆದೆವು, ಟೊಳ್ಳು ದನಿಗೆ ಕಿವಿಗೊಟ್ಟು. ಕಾಯಿ ಬಡಿದು ಕೊಬ್ಬರಿಯೋ ಅಲ್ಲವೋ ಹೇಳುವ ಕಿವಿಗಳಿಗೆ ಅದೇನು ಕಷ್ಟವೇ? ಮುಚ್ಚಳ ಸಿಕ್ಕಿತು, ಕಣ ಒಡೆಯಿತು, ಚಿಕ್ಕಪ್ಪ ಮಾತು ಬಿಟ್ಟರು.

ಟ್ಯಾಂಕರ್ ಬಂದು ನಿಂತಿದ್ದೇ ತಡ ಬೀದಿಯ ಕಿಟಕಿಗಳೆಲ್ಲ ಮುಚ್ಚಿಕೊಂಡವು. ಯಾರ ಮನೆಯದು ಎಂದು ನೋಡಲು ಮತ್ತೆ ತೆರೆದುಕೊಂಡವು. ಹಿತ್ತಲಿಗೆ ಪಕ್ಕದ ದಾರಿಯಿಲ್ಲದ್ದರಿಂದ ಹಸಿರು ಪೈಪು ಮುಂಬಾಗಿಲಿನಿಂದ ಹೊಕ್ಕು, ನಡುಮನೆ ದಾಟಿ, ದೇವರ ಕೋಣೆಯ ಎದುರಿಗೇ ಹಾದು ಹಿಂದಕ್ಕೆ ಹೋಗಬೇಕಾಯಿತು. ಅಮ್ಮ ದೇವರಿಗೆ ಪರದೆ ಎಳೆದು, ವಾಸನೆಗೆಂದು ಹಿತ್ತಲಲ್ಲಿ ಗಂಧದಕಡ್ಡಿ ಹಚ್ಚಲು ಹೊರಟಳು. ಡ್ರೈವರ್ ಓಡಿಬಂದ: "ಅಮ್ಮೋ, ಬೆಂಕಿ ಬ್ಯಾಡಿ! ಒಳಗೆ ಗ್ಯಾಸ್ ಐತೆ, ಕಡ್ಡಿ ಜೊತೆ ನಾವೂ ಹತ್ಕೊಂಡೇವು." ಹುಡುಗ ಹೇಳಿದ್ದು ನಿಜ, ಮೀಥೇನು ತಮಾಷೆಯಲ್ಲ.

ಪೈಪು ಒಂದೆರಡು ಗುಟುಕು ಎಳೆದು ಕಟ್ಟಿಕೊಂಡಿತು. ಬಿಚ್ಚಿ ನೋಡಿದರೆ ತೆಂಗಿನ ನಾರು. ಪಾತ್ರೆ ಉಜ್ಜಿದ ನಾರು ಎಳೆಎಳೆಯಾಗಿ ಬಚ್ಚಲಿಂದ ಹೋಗಿ ಒಳಗೆ ಹಗ್ಗ ಹೊಸೆದುಕೊಂಡು ಕೂತಿತ್ತು. ಹಿಂದೆಯೇ ಶಾಂಪೂ ಪೊಟ್ಟಣಗಳು ಬಂದವು. ಟಾಯ್ಲೆಟ್ಟಿಗೆ ಪ್ಲಾಸ್ಟಿಕ್ ಹಾಕಿದವರು ಯಾರೆಂಬ ವಿಚಾರಣೆ ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಬಾಕಿಯಿತ್ತು, ಎಲ್ಲರೂ ನಿರಾಕರಿಸಿದ್ದರು. ಆದರೆ ಒಬ್ಬೊಬ್ಬರದೂ ಒಂದೊಂದು ಬಣ್ಣದ ಪೊಟ್ಟಣ. ಡ್ರೈವರ್ ಅವನ್ನು ಕಡ್ಡಿಯಲ್ಲಿ ಎತ್ತಿ ಕಣದ ಅಂಚಿಗೆ ಸಾಲಾಗಿ ಇಟ್ಟ. ಸಾಕ್ಷಿ ವಿಚಾರಣೆ ಬೇಕಾಗಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋದರು.

ಅಷ್ಟರಲ್ಲಿ ಮೇಷ್ಟ್ರು ಕಾಂಪೌಂಡಿನ ಮೇಲೆ ಗಲ್ಲ ಊರಿ ತಮ್ಮ ಟ್ಯಾಂಕಿನ ಇಪ್ಪತ್ತೆರಡು ವರ್ಷದ ಕತೆ ಎತ್ತಿದರು. ಜೊತೆಗೆ ಫ್ರಾನ್ಸಿನ ಆಧಾರ ಬೇರೆ. 1860ರ ಸುಮಾರಿಗೆ ಮೂರಾಸ್ ಎಂಬಾತ ಮನೆಗೆ ಇಂಥದೊಂದು ಟ್ಯಾಂಕು ಕಟ್ಟಿಸಿದನಂತೆ. ಹನ್ನೆರಡು ವರ್ಷ ಬಿಟ್ಟು ಒಡೆದು ನೋಡಿದರೆ ಗಟ್ಟಿ ಪದಾರ್ಥ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1881ರಲ್ಲಿ ಪೇಟೆಂಟೂ ತೆಗೆದುಕೊಂಡ. "ನನ್ನದು ಅದೇ ಥರದ್ದು" ಎಂದರು. ಡ್ರೈವರ್ ವಾಲ್ವ್ ತಿರುಗಿಸುತ್ತಲೇ ಹೇಳಿದ: "ಸಾರ್, ಫ್ರಾನ್ಸ್‌ದು ನಂಗೊತ್ತಿಲ್ಲ. ಈ ಕಡೆ ತುಂಬದೇ ಇರೋದಕ್ಕೆಲ್ಲಾ ತಳಾನೇ ಇರಲ್ಲ. ಒಳಗೆ ಹೋಗಿದ್ದು ಎಲ್ಲೋ ಹೋಗ್ತಾ ಐತೆ, ನೀವ್ ನೋಡ್ತಿಲ್ಲ ಅಷ್ಟೆ." ಮೇಷ್ಟ್ರು ನಮ್ಮ ಬೋರಿನ ಕಡೆ ಒಮ್ಮೆ ನೋಡಿ, ಪೇಪರ್ ಬಂದಿರಬೇಕೆಂದು ಒಳಗೆ ನಡೆದರು. ಬ್ಯಾಕ್ಟೀರಿಯಾ ಎಷ್ಟೇ ತಿಂದರೂ ತಳದಲ್ಲಿ ಕೆಸರು ಉಳಿಯಲೇಬೇಕು. ಎರಡು ಮೂರು ವರ್ಷಕ್ಕೆ ತೆಗೆಸಲೇಬೇಕು. ತುಂಬುವ ಟ್ಯಾಂಕೇ ಸಂಭಾವಿತ ಟ್ಯಾಂಕು ಎಂಬುದು ನನ್ನ ತೀರ್ಪು.

ಹೋಗಿದ್ದು ಎಲ್ಲಿಗೆ ಎಂಬುದು ಮೇಷ್ಟ್ರ ವಾಯವ್ಯದ ತೆಂಗಿನಮರಕ್ಕೂ ಗೊತ್ತು. ತೆಂಗಿಗೆ ತಾಯಿಬೇರಿಲ್ಲ, ಬುಡದಿಂದ ಸಾವಿರಾರು ನಾರುಬೇರು ಹೊರಟು ತೇವ ಇದ್ದ ಕಡೆ ತಿರುಗುತ್ತವೆ, ಇಂಗುಗುಂಡಿಯ ಉಂಗುರಗಳ ಸಂದಿ ಸಿಕ್ಕರೆ ಬಿಡುವುದಿಲ್ಲ. ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಕೊಡಿ ಎಂದು ತೋಟಗಾರಿಕೆ ಇಲಾಖೆಯವರು ಹೇಳಿಹೋಗುತ್ತಾರೆ. ಆ ಮರ ಯಾರನ್ನೂ ಕೇಳದೆ ತನ್ನ ವ್ಯವಸ್ಥೆ ಮಾಡಿಕೊಂಡಿದೆ. ತೋಟದ ಮರಗಳು ಬೇಸಿಗೆಯಲ್ಲಿ ಗರಿ ಜೋಲುಬಿಟ್ಟು ನಿಂತರೆ ಅದು ಮದುವಣಗಿತ್ತಿಯ ಹಾಗೆ ಕಪ್ಪುಹಸಿರು. ಮೇಷ್ಟ್ರ ಮನೆಯಲ್ಲಿ ಅದರ ಎಳನೀರು ಯಾರೂ ಕುಡಿಯುವುದಿಲ್ಲ, ನೆಂಟರಿಗೆ ಕೊಡುತ್ತಾರೆ. ನೆಂಟರು ಇಂಥ ಸಿಹಿ ಎಲ್ಲೂ ಕುಡಿದಿಲ್ಲ ಎಂದು ಹೊಗಳುತ್ತಾರೆ, ಅದೂ ಸುಳ್ಳಲ್ಲ. ಕಾಯೊಳಗಿನ ನೀರಿಗೆ ಗುಂಡಿಯ ಯಾವ ದೋಷವೂ ತಗಲುವುದಿಲ್ಲವೆಂದು ತಿಳಿದೂ ನಾನು ಅವರ ಮನೆಯಲ್ಲಿ ಕಾಫಿಯೇ ಸಾಕು ಎನ್ನುತ್ತೇನೆ. ಕಾಫಿಗೆ ಯಾವ ನೀರು ಎಂದು ಕೇಳುವುದಿಲ್ಲ.

ಟ್ಯಾಂಕರಿನ ಲೋಡೂ ತೋಟಕ್ಕೇ ಹೋಯಿತು. ಯಾರೋ ಮೊದಲೇ ಹೇಳಿಟ್ಟಿದ್ದರಂತೆ. ಹಸಿಯದನ್ನೇ ಸುರಿದರೆ ಜಂತುಹುಳದ ಮೊಟ್ಟೆಗಳು ಮಣ್ಣಿಗೆ ಸೇರುತ್ತವೆ. ವರ್ಷಕ್ಕೂ ಹೆಚ್ಚು ಕಾಲ ಗುಂಡಿಯಲ್ಲಿ ಒಣಗಿಸಿದರೆ ಗೊಬ್ಬರ. ದೇವನಹಳ್ಳಿಯಲ್ಲಿ 2015ರಿಂದ ಈ ಕೆಸರನ್ನು ಸಂಸ್ಕರಿಸುವ ಘಟಕವೇ ಇದೆ. ಕೊಬ್ಬರಿಗೆ ಮಾರುಕಟ್ಟೆ ಕಟ್ಟಿಕೊಂಡ ತಾಲ್ಲೂಕುಗಳಿಗೆ ಇದಕ್ಕೊಂದು ಕಣ ಕಟ್ಟಿಕೊಳ್ಳುವುದು ಕಷ್ಟವೇನಲ್ಲ.

ಒಂದು ಮಾತಿನಲ್ಲಿ ನಗು ಬೇಡ. ತಳದಲ್ಲಿ ಗಟ್ಟಿ ಕೆಸರು ಉಳಿದಾಗ ನೋಡುತ್ತಿದ್ದವರೊಬ್ಬರು, "ಯಾರನ್ನಾದ್ರೂ ಇಳಿಸಿದ್ರೆ ಆಗೋಗ್ತದೆ, ಒಂದು ಕ್ವಾರ್ಟರ್ ಕೊಡ್ಸಿ" ಎಂದರು. ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ಹೋಯಿತು ಎಂದುಕೊಂಡವನು ಅಲ್ಲೇ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಡ್ರೈವರ್ ಉತ್ತರ ಕೊಡಲಿಲ್ಲ, ನೀರು ಬಿಟ್ಟು ಕೆಸರನ್ನು ಕಲಕಿ ಪೈಪಿನಲ್ಲೇ ಎಳೆದ. ಇನ್ನೊಂದು ಲೋಡಿನ ದುಡ್ಡಾಯಿತು. ಆಗಲಿ.

ಇದನ್ನು ಓದುತ್ತಿರುವವರಲ್ಲಿ ನನ್ನ ಬಿನ್ನಹ ಇಷ್ಟೇ. ಟ್ಯಾಂಕಿನ ಮುಚ್ಚಳದ ಮೇಲೆ ಕಣ, ಟೈಲ್ಸು, ತುಳಸಿಕಟ್ಟೆ ಏನನ್ನೂ ಕಟ್ಟಿಸಬೇಡಿ. ತೆಗೆಸಿದ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ. ನಾರನ್ನು ಒಲೆಗೆ ಹಾಕಿ, ಪೊಟ್ಟಣವನ್ನು ಕಸದ ಬುಟ್ಟಿಗೆ. ಕರೆಸುವುದಾದರೆ ಮುಂಗಾರಿಗೆ ಮೊದಲೇ ಕರೆಸಿ. ಮಳೆ ಹಿಡಿದ ಮೇಲೆ ಎಲ್ಲರ ಟ್ಯಾಂಕೂ ಒಟ್ಟಿಗೇ ತುಂಬುತ್ತವೆ, ಗಾಡಿಯವನು ಫೋನ್ ಎತ್ತುವುದಿಲ್ಲ.