ಆಗದ ಗೋಲಿನ ಮೀಮಾಂಸೆ

ಲೋಕದ ಶಾಸ್ತ್ರಗಳೆಲ್ಲ ನಡೆದದ್ದರ ಬೆನ್ನು ಹತ್ತಿದವು. ಚರಿತ್ರೆ ನಡೆದ ಯುದ್ಧವನ್ನು ಬರೆಯಿತು, ಅರ್ಥಶಾಸ್ತ್ರ ಏರಿದ ಬೆಲೆಯನ್ನು ಅಳೆಯಿತು, ಪತ್ರಿಕೆಯ ಕ್ರೀಡಾಪುಟ ಬಿದ್ದ ಗೋಲನ್ನು ಎಣಿಸಿತು. ನಡೆಯದೇ ಹೋದದ್ದನ್ನು ಶ್ರದ್ಧೆಯಿಂದ ಅಧ್ಯಯನ ಮಾಡುತ್ತಿರುವವರು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ ನಗರದ ಐಸ್ ಹಾಕಿ ಅಭಿಮಾನಿಗಳು. ಅವರ ಅಧ್ಯಯನದ ವಸ್ತು ಕ್ಯಾರೊಲೈನಾ ಹರಿಕೇನ್ಸ್ ತಂಡದ 74ನೇ ಸಂಖ್ಯೆಯ ಅಂಗಿಯ ರಕ್ಷಕ ಜೇಕಬ್ ಸ್ಲಾವಿನ್. ಆ ಅಧ್ಯಯನವನ್ನು ನಮ್ಮ ಶಾಸ್ತ್ರಪರಂಪರೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದಕ್ಕೆ ಯಾವ ವಿಶ್ವವಿದ್ಯಾಲಯದ ಅನುದಾನವೂ ದೊರೆತಿಲ್ಲ. ವಸ್ತುವಿನ ಘನತೆಗೆ ಅದೇ ತಕ್ಕದ್ದು.

ಹಾಕಿ ಎಂದೊಡನೆ ಕೊಡಗಿನ ಮೈದಾನ ನೆನೆಯುವ ಓದುಗರು ದಯವಿಟ್ಟು ಹುಲ್ಲನ್ನು ಕಿತ್ತು, 200 ಅಡಿ ಉದ್ದ 85 ಅಡಿ ಅಗಲದ ಐಸ್ ಹಾಸಿಕೊಳ್ಳಬೇಕು. ಚೆಂಡಿನ ಜಾಗದಲ್ಲಿ ಒಂದಂಗುಲ ದಪ್ಪದ ರಬ್ಬರ್ ಬಿಲ್ಲೆ. ಅದಕ್ಕೆ ಪಕ್ ಎನ್ನುತ್ತಾರೆ. ಗೋಲ್‌ಕೀಪರ್ ಬಿಟ್ಟರೆ ಒಂದು ತಂಡದಿಂದ ಐವರು, ಅವರಲ್ಲಿ ಸಾಮಾನ್ಯವಾಗಿ ಇಬ್ಬರು ರಕ್ಷಕರು. ಹರಿಕೇನ್ಸ್ ತಂಡ 1997ರಲ್ಲಿ ಹಾರ್ಟ್‌ಫರ್ಡ್‌ನಿಂದ ಈ ರಾಜ್ಯಕ್ಕೆ ವಲಸೆ ಬಂತು, 2006ರಲ್ಲಿ ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದಿತು. ಸ್ಲಾವಿನ್‌ನನ್ನು ಅದು ಆರಿಸಿದ್ದು ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಹೆಕ್ಕಿಕೊಳ್ಳುವ ಡ್ರಾಫ್ಟಿನಲ್ಲಿ, 2012ರ ನಾಲ್ಕನೇ ಸುತ್ತಿನಲ್ಲಿ, 120ನೆಯವನಾಗಿ. ಅಂದರೆ ಆತನಿಗಿಂತ ಮೊದಲು 119 ಮಂದಿ ಕಣ್ಣಿಗೆ ಬಿದ್ದಿದ್ದರು. ಅಲಕ್ಷ್ಯದ ಶಾಸನಾಧಾರ ಇಲ್ಲಿಂದಲೇ ಸಿಗುತ್ತದೆ.

ಮೊದಲು ಲಕ್ಷಣ ಹೇಳಬೇಕು. ಯಾರ ಹೆಸರನ್ನು ಕಾಮೆಂಟರಿಯಲ್ಲಿ ಕೇಳಿದಾಗ ನೋಡುಗನು ‘ಓ, ಇವನೂ ಆಡುತ್ತಿದ್ದಾನೆಯೇ’ ಎನ್ನುವನೋ ಅವನೇ ಅಲಕ್ಷಿತ ರಕ್ಷಕ. ಈ ಲಕ್ಷಣದಲ್ಲಿ ಅತಿವ್ಯಾಪ್ತಿ ದೋಷವಿದೆ: ಆಡಲು ಬಾರದವನಿಗೂ ಇದು ಅಷ್ಟೇ ಚೆನ್ನಾಗಿ ಹೊಂದುತ್ತದೆ. ಆದ್ದರಿಂದ ‘ಯಾರನ್ನು ಕೋಚ್ ಪ್ರತಿ ಪಂದ್ಯದಲ್ಲೂ 20 ನಿಮಿಷಕ್ಕೂ ಹೆಚ್ಚು ಹೊತ್ತು, ಎದುರಾಳಿಯ ಅತ್ಯುತ್ತಮ ಆಟಗಾರರ ಮುಂದೆಯೇ ನಿಲ್ಲಿಸುವನೋ’ ಎಂಬ ವಿಶೇಷಣವನ್ನು ಸೇರಿಸತಕ್ಕದ್ದು. ಈಗ ಲಕ್ಷಣ ಶುದ್ಧವಾಯಿತು. ಈ ವಾಕ್ಯಕ್ಕೆ ಒಂದು ಅಡಿಟಿಪ್ಪಣಿ ಇತ್ತು. ವಿಷಯಕ್ಕೆ ನಿಷ್ಠೆ ತೋರಲು ಅದನ್ನು ಯಾರಿಗೂ ಕಾಣದಂತೆ ಇಡಲಾಗಿದೆ.

ರಕ್ಷಕನು ಹುಟ್ಟಿಸುವ ಪದಾರ್ಥ ಯಾವುದು? ಗೋಲಲ್ಲ, ಗೋಲಿನ ಅಭಾವ. ಅಭಾವ ನಾಲ್ಕು ವಿಧವೆಂದು ನೈಯಾಯಿಕರು ಎಂದೋ ವಿಂಗಡಿಸಿಟ್ಟಿದ್ದಾರೆ. ಅವರು ಐಸ್ ಹಾಕಿ ನೋಡದೆಯೇ ಈ ಕೆಲಸ ಮುಗಿಸಿದರೆಂಬುದು ಭಾರತೀಯ ಪ್ರತಿಭೆಗೆ ಸಾಕ್ಷಿ.

ಒಂದು, ಪ್ರಾಗಭಾವ. ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಎದುರಾಳಿ ಪಕ್ ಹಿಡಿದು ಧಾವಿಸಿ ಬರುತ್ತಾನೆ. ಸ್ಲಾವಿನ್ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತ, ಇಬ್ಬರ ನಡುವಿನ ಅಂತರವನ್ನು ಹಿಗ್ಗಲೂ ಬಿಡದೆ ಕುಗ್ಗಲೂ ಬಿಡದೆ, ಕೋಲನ್ನು ಮುಂದಕ್ಕೆ ಚಾಚಿ, ಆತನನ್ನು ಮೆಲ್ಲಗೆ ಗೋಡೆಯ ಕಡೆಗೆ ಸಾಗಹಾಕುತ್ತಾನೆ. ಹೊಡೆತವೇ ಹುಟ್ಟುವುದಿಲ್ಲ. ಬಂದವನಿಗೂ ತನ್ನ ಮನೋರಥ ಎಲ್ಲಿ ಸತ್ತಿತೆಂದು ತಿಳಿಯುವುದಿಲ್ಲ. ಎರಡು, ಪ್ರಧ್ವಂಸಾಭಾವ. ದಾಳಿ ಇತ್ತು, ಕೋಲಿನ ತುದಿ ತಾಗಿತು, ದಾಳಿ ಇಲ್ಲ. ಮೂರು, ಅನ್ಯೋನ್ಯಾಭಾವ. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ ಎಂಬಂತೆ ಸ್ಲಾವಿನ್ ಇರುವ ಜಾಗ ಟಿವಿ ಕ್ಯಾಮೆರಾ ನೋಡುವ ಜಾಗವಲ್ಲ.

ನಾಲ್ಕನೆಯದಾದ ಅತ್ಯಂತಾಭಾವಕ್ಕೆ, ಅಂದರೆ ಮೂರು ಕಾಲದಲ್ಲೂ ಇಲ್ಲದಿರುವುದಕ್ಕೆ, ಸ್ಲಾವಿನ್‌ನ ಪೆನಾಲ್ಟಿಗಳನ್ನು ಉದಾಹರಣೆಯಾಗಿ ಕೊಡಬೇಕೆಂದು ಅಭಿಮಾನಿ ಪಂಡಿತರು ಆಶಿಸಿದ್ದರು. ಎದುರಾಳಿಯ ಮೈಗೆ ಮೈ ಅಪ್ಪಳಿಸುವುದೇ ರಕ್ಷಕನ ಧರ್ಮವೆಂದು ನಂಬಿದ ಆಟದಲ್ಲಿ ಈತ ಕೋಲಿನ ತುದಿಯಿಂದಲೇ ಕೆಲಸ ಮುಗಿಸುವವನು. 2020–21ರ ಋತುವಿನಲ್ಲಿ 52 ಪಂದ್ಯ ಆಡಿದ. ಐಸಿನ ಹೊರಗೆ ಕೂರುವ ಶಿಕ್ಷೆ ಬರೀ ಎರಡು ನಿಮಿಷ, ಒಂದೇ ಪೆನಾಲ್ಟಿ. ಅದೂ ಯಾರನ್ನೋ ಎಳೆದದ್ದಕ್ಕಲ್ಲ, ಕೆಡವಿದ್ದಕ್ಕಲ್ಲ. ಸ್ವಂತ ವಲಯದಿಂದ ಪಕ್ ಗಾಜಿನ ಗೋಡೆ ಹಾರಿ ಹೊರಗೆ ಹೋದದ್ದಕ್ಕೆ. ಆ ಒಂದು ಪಕ್ಕಿನಿಂದ ಒಂದು ಇಡೀ ಸಿದ್ಧಾಂತ ಹಾಳಾಯಿತು. ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಪ್ರಶಸ್ತಿ ಆ ವರ್ಷ ಆತನಿಗೆ ಬಂತು, 2024ರಲ್ಲಿ ಮತ್ತೆ ಬಂತು. 1925ರಿಂದ ಇರುವ ಈ ಪ್ರಶಸ್ತಿ ರಕ್ಷಕರಿಗೆ ಸಿಕ್ಕಿರುವುದು ಅಪರೂಪ: ಆತನಿಗಿಂತ ಮೊದಲು ಬಿಲ್ ಕ್ವಾಕೆನ್‌ಬುಷ್, ರೆಡ್ ಕೆಲ್ಲಿ, ಬ್ರಯಾನ್ ಕ್ಯಾಂಪ್‌ಬೆಲ್. ವಿಶೇಷವೆಂದರೆ ಇದೇ ತಂಡದ ಗೆಲುವಿನ ಕುಣಿತವನ್ನು ಕಂಡು ಕೆನಡಾದ ವೀಕ್ಷಕ ವಿವರಣೆಗಾರ ಡಾನ್ ಚೆರ್ರಿ 2019ರಲ್ಲಿ ಅವರನ್ನು ಪುಂಡರ ಗುಂಪೆಂದು ಜರೆದಿದ್ದರು. ತಂಡ ಆ ಬೈಗುಳವನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿತು. ಪುಂಡರ ಗುಂಪಿನ ಮಧ್ಯೆ ಸಭ್ಯತೆಯ ಪ್ರಶಸ್ತಿ ಹುಟ್ಟುವುದಕ್ಕೆ ಕಾರ್ಯಕಾರಣ ಸಂಬಂಧ ಹುಡುಕುವುದು ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು.

ಇನ್ನು ಪ್ರಮಾಣ ವಿಚಾರ. ನೆಲದ ಮೇಲೆ ಮಡಕೆ ಇಲ್ಲವೆಂದು ತಿಳಿಯುವುದು ಹೇಗೆ? ಕಣ್ಣೇ ಸಾಕು ಎಂದರು ನೈಯಾಯಿಕರು. ಸಾಲದು, ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣ ಬೇಕು ಎಂದರು ಭಾಟ್ಟ ಮೀಮಾಂಸಕರು. ಮಡಕೆಯ ಜಾಗದಲ್ಲಿ ಗೋಲನ್ನಿಟ್ಟರೆ ರಾಲಿಯ ವಾದವೂ ಇದೇ. ಚಾಕ್ಷುಷ ಪಂಥದವರು ‘ಆಟ ನೋಡಿ, ಗೊತ್ತಾಗುತ್ತದೆ’ ಎನ್ನುತ್ತಾರೆ; ಗೊತ್ತಾಗದವನಿಗೆ ಇನ್ನೊಮ್ಮೆ ನೋಡಲು ಹೇಳುತ್ತಾರೆ. ಗಣಿತ ಪಂಥದವರು ಕೋರ್ಸಿ ಎಂಬ ಲೆಕ್ಕ ತೆಗೆಯುತ್ತಾರೆ. ಒಬ್ಬ ಆಟಗಾರ ಐಸ್ ಮೇಲಿರುವಾಗ ಎರಡೂ ಕಡೆಯಿಂದ ಹೊರಟ ಹೊಡೆತಗಳನ್ನೆಲ್ಲ, ಗುರಿ ತಪ್ಪಿದ್ದು, ನಡುವೆ ಅಡ್ಡಬಿದ್ದದ್ದು ಸಮೇತ, ಎಣಿಸುವುದೇ ಕೋರ್ಸಿ. ಗೋಲ್‌ಕೀಪಿಂಗ್ ಕೋಚ್ ಜಿಮ್ ಕೋರ್ಸಿಯವರ ಹೆಸರು ಇದಕ್ಕೆ ಬರಲು ಒಂದು ಕಾರಣ, ಹೆಸರಿಟ್ಟವರಿಗೆ ಅವರ ಮೀಸೆ ಹಿಡಿಸಿದ್ದು. ನಾನು ಇದನ್ನು ಹಾಸ್ಯಕ್ಕೆ ಸೇರಿಸಿದ್ದಲ್ಲ. ಈ ಪ್ರಬಂಧದಲ್ಲಿ ಅತ್ಯಂತ ಹುಚ್ಚಾಗಿ ಕೇಳಿಸುವ ಸಂಗತಿಗಳೇ ನಿಜವಾದವು.

ಉದಾಹರಣೆಗೆ ಶ್ರೇಷ್ಠ ರಕ್ಷಕನಿಗೆ 1954ರಿಂದ ಕೊಡುತ್ತಿರುವ ನಾರಿಸ್ ಪ್ರಶಸ್ತಿ. 2023ರಲ್ಲಿ ಅದನ್ನು ಪಡೆದವರು ಸ್ಯಾನ್ ಹೋಸೆ ತಂಡದ ಎರಿಕ್ ಕಾರ್ಲ್‌ಸನ್. ಗೋಲು, ಅಸಿಸ್ಟ್ ಎರಡೂ ಸೇರಿ 101 ಅಂಕ ಗಳಿಸಿದ್ದರು, ಅದು ಸಣ್ಣ ಸಾಧನೆಯಲ್ಲ. ಆದರೆ ತಾನು ಐಸ್ ಮೇಲಿರುವಾಗ ತಂಡ ಹೊಡೆದದ್ದೆಷ್ಟು, ಹೊಡೆಸಿಕೊಂಡದ್ದೆಷ್ಟು ಎಂಬ ಪ್ಲಸ್–ಮೈನಸ್ ಲೆಕ್ಕದಲ್ಲಿ ಅವರದ್ದು ಮೈನಸ್ 26. ರಕ್ಷಣೆಯ ಪ್ರಶಸ್ತಿಯನ್ನು ದಾಳಿಗೆ ಕೊಡುವ ಈ ಪದ್ಧತಿಯನ್ನು ಅಭಿಮಾನಿಗಳು ಖಂಡಿಸುತ್ತಾರೆ. ಮದುವೆಮನೆಯಲ್ಲಿ ಊಟ ಚೆನ್ನಾಗಿದ್ದರೆ ಭಟ್ಟರಿಗೆ ಶಾಲು. ಉಗ್ರಾಣದವನ ಹೆಸರು ಏಳುವುದು ಸಕ್ಕರೆ ಸಾಲದೆ ಬಂದಾಗ ಮಾತ್ರ.

ಇಲ್ಲೊಂದು ಪೂರ್ವಪಕ್ಷ: ಗುರಿಯಿಟ್ಟು ಹೊಡೆಯಲು ಬಾರದ್ದರಿಂದಲೇ ಈತ ರಕ್ಷಣೆಗೆ ನಿಂತಿದ್ದಾನೆ. ಉತ್ತರ: 2020ರ ಜನವರಿಯಲ್ಲಿ ಸೇಂಟ್ ಲೂಯಿಸ್‌ನ ಆಲ್‌ಸ್ಟಾರ್ ಕೂಟದಲ್ಲಿ ಗುರಿ ಹೊಡೆಯುವ ಸ್ಪರ್ಧೆ ಗೆದ್ದವನು ಸ್ಲಾವಿನ್. ಅಲ್ಲಿಗೂ ಆತ ನೇರವಾಗಿ ಆಯ್ಕೆಯಾಗಿರಲಿಲ್ಲ. ಸಹ ಆಟಗಾರ ಡೌಗಿ ಹ್ಯಾಮಿಲ್ಟನ್ ಕಾಲು ಮುರಿದುಕೊಂಡಿದ್ದರಿಂದ ಬದಲಿಯಾಗಿ ಹೋಗಿದ್ದ. ಪೂರ್ವಪಕ್ಷ ಬಿದ್ದುಹೋಯಿತು.

ಆದರೂ ಕೀರ್ತಿ ಎಲ್ಲಿ ಹೋಗಿ ಬೀಳುತ್ತದೆ ನೋಡಿ. ಅದೇ ವರ್ಷದ ಫೆಬ್ರವರಿ 22ರಂದು ಟೊರೊಂಟೊದಲ್ಲಿ ಹರಿಕೇನ್ಸ್‌ನ ಇಬ್ಬರೂ ಗೋಲ್‌ಕೀಪರ್‌ಗಳು ಗಾಯಗೊಂಡರು. ತುರ್ತಿಗೆ ಕರೆದದ್ದು 42 ವರ್ಷದ ಡೇವಿಡ್ ಏಯರ್ಸ್ ಅವರನ್ನು. ಐಸ್ ನಯಗೊಳಿಸುವ ಜಾಂಬೋನಿ ಯಂತ್ರ ಓಡಿಸಿ ಅನುಭವವಿದ್ದ ಮನುಷ್ಯ. ಹತ್ತು ಹೊಡೆತಗಳಲ್ಲಿ ಎರಡನ್ನು ಬಿಟ್ಟು, ಎಂಟನ್ನು ತಡೆದರು. ತಂಡ 6–3ರಿಂದ ಗೆದ್ದಿತು. ರಾಲಿಯ ಮೇಯರ್ ಫೆಬ್ರವರಿ 25ನ್ನು ಡೇವಿಡ್ ಏಯರ್ಸ್ ದಿನವೆಂದು ಘೋಷಿಸಿದರು. ಅವರ ಸಾಹಸಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದು ರಾತ್ರಿ ಸುಮಾರು ಅರ್ಧ ಪಂದ್ಯ ನಿಂತವರಿಗೆ ಒಂದು ದಿನ ಕೊಡುವುದಾದರೆ, 2015ರಿಂದ ನಿಂತಿರುವವನಿಗೆ ಪಂಚಾಂಗದಲ್ಲಿ ಎಷ್ಟು ಪುಟ ಮೀಸಲಿಡಬೇಕೆಂಬುದು ತ್ರೈರಾಶಿಕದ ಲೆಕ್ಕ, ವಿದ್ಯಾರ್ಥಿಗಳು ಬಿಡಿಸಿಕೊಳ್ಳಬಹುದು.

ಈ ಶಾಸ್ತ್ರದ ಗಂಟು ಇರುವುದು ಮುಂದೆ. ಅಭಿಮಾನಿಗೆ ಸ್ಲಾವಿನ್ ಇಷ್ಟ. ಸ್ಲಾವಿನ್‌ನನ್ನು ಲೋಕ ಗುರುತಿಸಿಲ್ಲ ಎಂಬ ದೂರು ಇನ್ನೂ ಇಷ್ಟ. ರಾಲಿಯ ಪಕ್ಕದ ಮಾರಿಸ್‌ವಿಲ್, ಕ್ಯಾರಿ ಕಡೆಯ ಸಾಫ್ಟ್‌ವೇರ್ ಕನ್ನಡಿಗ ಒಂದೆರಡು ಪಂದ್ಯ ನೋಡಿ ಬಂದು ಯಾರು ಚೆನ್ನಾಗಿ ಆಡುತ್ತಾರೆಂದು ಪಕ್ಕದ ಮನೆಯವನನ್ನು ಕೇಳಿದರೆ, ಗೋಲು ಹೊಡೆಯುವವರ ಹೆಸರು ಬರುವುದಿಲ್ಲ. ಪಕ್ಕದ ಮನೆಯವನು ಸ್ವಲ್ಪ ತಗ್ಗಿದ ದನಿಯಲ್ಲಿ ‘74 ನೋಡು’ ಎನ್ನುತ್ತಾನೆ. ಆ ಮಾತಿನಿಂದ ಹೊಸಬನಿಗೆ ದೀಕ್ಷೆಯಾಯಿತು. ಮಾರನೆಯ ವಾರ ಅವನೂ ಕಚೇರಿಯ ಕ್ಯಾಂಟೀನಿನಲ್ಲಿ ಅದೇ ದನಿಯಲ್ಲಿ ಅದೇ ಮಾತು ಹೇಳುತ್ತಾನೆ. ಹೀಗೆ ಒಬ್ಬರಿಂದೊಬ್ಬರಿಗೆ ದಾಟಿ ಊರಿಗೆಲ್ಲ ಗೊತ್ತಾದ ಮೇಲೂ ಅದು ಗುಟ್ಟಾಗಿಯೇ ಉಳಿದಿದೆ.

ವಿಪತ್ತು ಬಂದದ್ದು 2025ರ ಫೆಬ್ರವರಿಯಲ್ಲಿ. ನಾಲ್ಕು ರಾಷ್ಟ್ರಗಳ ಟೂರ್ನಿಯಲ್ಲಿ ಸ್ಲಾವಿನ್ ಅಮೆರಿಕದ ಪರ ಆಡಿದ. ಖಂಡದ ಜನವೆಲ್ಲ ನೋಡಿ, ‘ಯಾರೀ ಪುಣ್ಯಾತ್ಮ, ಇಷ್ಟು ದಿನ ಎಲ್ಲಿದ್ದ’ ಎಂದು ಬೆರಗಾಯಿತು. ರಾಲಿಯ ಅಭಿಮಾನಿಗೆ ಎದೆಯುಬ್ಬಿತು, ಹೊಟ್ಟೆಯೂ ಉರಿಯಿತು. ಎಲ್ಲರೂ ಒಕ್ಕೊರಲಿನಿಂದ ‘ಈತ ಅಲಕ್ಷಿತ’ ಎಂದು ಸಾರಿದ ಗಳಿಗೆಯಲ್ಲಿ ಆತ ಅಲಕ್ಷಿತನೋ ಅಲ್ಲವೋ? ಹೌದೆಂದರೆ ಸಾರಿದವರ ಮಾತಿಗೆ ಬೆಲೆಯಿಲ್ಲ, ಅಲ್ಲವೆಂದರೆ ಅವರು ಸಾರಿದ್ದು ಸುಳ್ಳು. ಇಂಥ ವಿರೋಧಾಭಾಸವನ್ನು ಬಿಡಿಸಲು ಪಂಡಿತರು ಬೇಕಾಗುತ್ತಾರೆ. ಅಭಿಮಾನಿಗಳು ಸಂಬಳದ ಕಡೆ ಮಾತು ತಿರುಗಿಸಿ ಪಾರಾದರು. ಆತನ ಹೊಸ ಎಂಟು ವರ್ಷದ ಒಪ್ಪಂದ ವರ್ಷಕ್ಕೆ ಸರಾಸರಿ ಸುಮಾರು 64 ಲಕ್ಷ ಡಾಲರಿನದು. ಡಾಲರಿನಲ್ಲಿ 64 ಲಕ್ಷ ಪಡೆಯುವವನ ಬಗ್ಗೆ ಅಯ್ಯೋ ಪಾಪ ಎನ್ನಲು ಸಾಧ್ಯವಿರುವುದು ಈ ಶಾಸ್ತ್ರದಲ್ಲಿ ಮಾತ್ರ.

ನಾರಿಸ್‌ಗೆ ಮತ ಹಾಕುವ ಹಾಕಿ ಪತ್ರಕರ್ತರಲ್ಲಿ ಅಭಿಮಾನಿಗಳ ಪರವಾಗಿ ಒಂದು ಅರ್ಜಿ. ಸ್ಲಾವಿನ್‌ಗೆ ಆ ಪ್ರಶಸ್ತಿ ಖಂಡಿತ ಸಲ್ಲುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಕೊಡುವ ಮುನ್ನ ಒಂದು ಋತು ಮುಂಚಿತವಾಗಿ ತಿಳಿಸಿ. ರಾಲಿಯವರು ಬೇರೊಬ್ಬ ರಕ್ಷಕನನ್ನು ಹುಡುಕಿಕೊಳ್ಳಬೇಕು.