ಸತ್ತ ಮೀನಿನ ಮನದಾಳ

ಸತ್ತ ಸಾಲ್ಮನ್ ಮೀನೊಂದನ್ನು ಅಮೆರಿಕದ ಸಂಶೋಧಕರು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಮನುಷ್ಯರ ಫೋಟೊ ತೋರಿಸಿ, ಇವರಿಗೆ ಈಗ ಏನನ್ನಿಸುತ್ತಿರಬಹುದು ಎಂದು ಕೇಳಿದರು. ಮೀನು ಬಾಯಿ ಬಿಡಲಿಲ್ಲ. ಆದರೆ ಕಂಪ್ಯೂಟರ್ ಪರೀಕ್ಷಿಸಿದ ಸ್ಕ್ಯಾನ್ ಚಿತ್ರದ 8,064 ಬಿಂದುಗಳಲ್ಲಿ 16 ಬೆಳಗಿಬಿಟ್ಟವು! ಪಿ-ಮೌಲ್ಯ 0.001ಕ್ಕಿಂತ ಕಡಿಮೆ. ಇದು ನನ್ನ ಕಟ್ಟುಕತೆಯಲ್ಲ. 2009ರಲ್ಲಿ ಮಿದುಳು ತಜ್ಞರ ಸಮ್ಮೇಳನದಲ್ಲಿ ಪೋಸ್ಟರ್ ಆಗಿ ತೂಗಿದ ಸಂಶೋಧನೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಇಷ್ಟು ಸಾಕು. ತಪ್ಪಾಗುವ ಸಾಧ್ಯತೆ ಸಾವಿರಕ್ಕೆ ಒಂದು, ಆದ್ದರಿಂದ ಮೀನು ಯೋಚಿಸುತ್ತಿರುವ ಸಾಧ್ಯತೆ ಶೇ 99.9! ಹೆಸರಿನ ಮುಂದೆ ಡಾಕ್ಟರ್ ಇರುವವರೂ ಹೀಗೆ ಓದುವುದುಂಟು. ಆ ಅಂಕಿ ಹೇಳುವುದು ಬೇರೆಯೇ: ಮೀನಿನ ತಲೆಯೊಳಗೆ ಏನೂ ನಡೆಯುತ್ತಿಲ್ಲ ಎಂದೇ ಇಟ್ಟುಕೊಳ್ಳಿ, ಆಗಲೂ ಸಾವಿರದಲ್ಲೊಂದು ಬಿಂದು ಬರೀ ಆಕಸ್ಮಿಕವಾಗಿ ಇಷ್ಟು ಬೆಳಗುತ್ತದೆ. ಎಂಟು ಸಾವಿರ ಬಿಂದು ಕೆದಕಿದರೆ ಎಂಟು ಹುಸಿ ದೀಪ ಲೆಕ್ಕದಲ್ಲೇ ಇವೆ. ಅಕ್ಕಪಕ್ಕದ ಬಿಂದುಗಳೋ, ಒಂದನ್ನು ನೋಡಿ ಒಂದು ಹೊತ್ತಿಕೊಳ್ಳುವ ಜಾಯಮಾನದವು, ಹದಿನಾರಾದರೆ ಹೌಹಾರಬೇಕಿಲ್ಲ.

ಸಂಶೋಧಕರ ಕುಲದೇವತೆ ಮಾತ್ರ 0.05 ಎಂಬ ಪಿ-ಮೌಲ್ಯ. ಇಪ್ಪತ್ತಕ್ಕೆ ಒಂದು ಎಂದು ಗೆರೆ ಎಳೆದರೆ ಅನುಕೂಲ ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಬರೆದದ್ದು ಈಗ ಶಿಲಾಶಾಸನ. 0.049 ಬಂದರೆ ಪಾಯಸ, 0.051 ಬಂದರೆ ಸೂತಕ. ಒಂದರಲ್ಲೂ ಹುರುಳಿಲ್ಲದ ಇಪ್ಪತ್ತು ಊಹೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ ನೋಡಿ. ಒಂದಾದರೂ ಆ ಗೆರೆಯೊಳಗೆ ಬಂದು ‘ಸಿಗ್ನಿಫಿಕೆಂಟ್’ ಆಗುವ ಸಾಧ್ಯತೆ ಶೇ 64. ಹತ್ತೊಂಬತ್ತನ್ನು ಕಸದಬುಟ್ಟಿಗೆ ಹಾಕಿ, ಉಳಿದೊಂದಕ್ಕೆ ಹಾರ ಹಾಕಿದರೆ ಪ್ರಬಂಧ ಸಿದ್ಧ, ಬಡ್ತಿಯೂ ಸಿದ್ಧ.

ಇನ್ನೊಂದು ಬಗೆಯ ತಪ್ಪಿದೆ: ಇದ್ದದ್ದನ್ನು ಕಾಣದಿರುವುದು. ಅದರ ಗೊಡವೆ ಯಾರಿಗೂ ಬೇಡ. ಸಾವಿರ ಊಹೆಗಳಲ್ಲಿ ನೂರು ನಿಜ ಎನ್ನಿ. ಅಧ್ಯಯನಗಳು ಪುಟ್ಟವು, ನಿಜದಲ್ಲಿ ಅರ್ಧವನ್ನಷ್ಟೇ ಹಿಡಿಯಬಲ್ಲವು. ಹಾಗಾಗಿ ಸಿಕ್ಕಿದ್ದು 50. ಉಳಿದ 900 ಸುಳ್ಳುಗಳಲ್ಲಿ ಶೇ 5, ಅಂದರೆ 45, ವೇಷ ಹಾಕಿಕೊಂಡು ಒಳಗೆ ಬಂದವು. 95 ‘ಸಂಶೋಧನೆ’ಗಳಲ್ಲಿ ಹೆಚ್ಚುಕಡಿಮೆ ಅರ್ಧ ಸುಳ್ಳು. ನೂರಕ್ಕೆ ಐದೇ ತಪ್ಪು ಎಂದು ನಂಬಿ ಕೂತವರು ನಾವು!

ಊಹೆ ನಿಜವಾಗಿರುವ ಸಾಧ್ಯತೆಯನ್ನು ಪಿ-ಮೌಲ್ಯ ಅಳೆಯುವುದಿಲ್ಲ ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಮೀನಿನ ತಂಡಕ್ಕೆ 2012ರಲ್ಲೇ ನೊಬೆಲ್‌ನ ಅಣಕವಾದ ಇಗ್ನೊಬೆಲ್ ಪ್ರಶಸ್ತಿ ಬಂದಿತ್ತು. ಅಂದಹಾಗೆ, ಅವರು ಅಷ್ಟೊಂದು ಪರೀಕ್ಷೆ ನಡೆಸಿದ್ದಕ್ಕೆ ತಕ್ಕ ತಿದ್ದುಪಡಿ ಮಾಡಿ ಮತ್ತೆ ಲೆಕ್ಕ ಹಾಕಿದರು. ಒಂದು ಬಿಂದುವೂ ಬೆಳಗಲಿಲ್ಲ.