ಹಳಗಣಕ ಪುನಃಪ್ರವೇಶ ಮೀಮಾಂಸೆ

ಮಲೆನಾಡಿನ ಅಡಿಕೆ ಮಂಡಿಯೊಂದರಲ್ಲಿ 2018ರ ಯುಗಾದಿಯ ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ತೂಕದ ಗುಮಾಸ್ತರು ‘ಎಂತದು ಮಾರಾಯ್ರೆ ಇದು, ಒಳಗೇ ಬಿಡುವುದಿಲ್ಲ ಅಂತದೆ’ ಎಂದು ಕೂಗಿದ್ದೇ ಈ ಪ್ರಬಂಧಕ್ಕೆ ಮೂಲ ಆಕರ. ಯಾರನ್ನು ಯಾರು ಒಳಗೆ ಬಿಡಲಿಲ್ಲ, ಬಿಡದಿರುವ ಅಧಿಕಾರ ಎಲ್ಲಿಂದ ಬಂತು, ಬಿಡಿಸಿಕೊಂಡವರು ಹೇಗೆ ಬಿಡಿಸಿಕೊಂಡರು ಎಂಬುದನ್ನು ಪರಾಮರ್ಶಿಸುವುದು ನಮ್ಮ ಉದ್ದೇಶ. ಪೂರ್ವಸೂರಿಗಳು ಈ ವಿಷಯವನ್ನು ಮುಟ್ಟಿಲ್ಲವೆಂದಲ್ಲ. ಮುಟ್ಟಿದವರೆಲ್ಲ ‘ಹೊಸ ಕಂಪ್ಯೂಟರ್ ತಗೊಳ್ಳಿ’ ಎಂಬ ಏಕವಾಕ್ಯ ಗ್ರಂಥ ರಚಿಸಿ, ಕೆಳಗೆ ಜಿಎಸ್‌ಟಿ ಸೇರಿಸಿ ಕಳಿಸಿದ್ದಾರೆ. ಇವರನ್ನು ಮುಂದೆ ‘ಕೊಟೇಶನ್ ಪಂಥದವರು’ ಎಂದು ಕರೆಯಲಾಗುವುದು.

ಮೊದಲು ನಿರುಕ್ತ. ‘ಸರ್ವರ್’ ಶಬ್ದ ಸಂಸ್ಕೃತದ ‘ಸರ್ವ’ದಿಂದ ಬಂತು, ಸರ್ವರಿಗೂ ಸೇರಿದ್ದು ಸರ್ವರ್, ಎಂಬುದು ನಮ್ಮ ಮಂಡಿಯ ನಿರ್ದೇಶಕರೊಬ್ಬರ ಮತ. ಅವರು ಅದನ್ನು ಮಹಾಸಭೆಯಲ್ಲೇ ಮಂಡಿಸಿ ಚಪ್ಪಾಳೆ ಗಿಟ್ಟಿಸಿದ್ದಾರೆ. ಆದರೆ ಈ ನಾಡಿನಲ್ಲಿ ಗಣಕಯಂತ್ರ ಬರುವುದಕ್ಕೆ ಎಷ್ಟೋ ಮೊದಲೇ ಸರ್ವರ್ ಇದ್ದ. ಹೆಗಲ ಮೇಲೆ ಚೌಕ, ಒಂದೇ ಕೈಯಲ್ಲಿ ನಾಲ್ಕು ಲೋಟ, ಬಾಯಲ್ಲಿ ‘ಇಡ್ಲಿ ವಡೆ ದೋಸೆ ಉಪ್ಪಿಟ್ಟು’ ಎಂಬ ಅವಿಚ್ಛಿನ್ನ ಪ್ರವಾಹ. ಇವನ ಎದುರು ಕೂತವನು ಗಿರಾಕಿ, ಅಂದರೆ ಕ್ಲೈಂಟ್. ಗಣಕಶಾಸ್ತ್ರದ ಕ್ಲೈಂಟ್-ಸರ್ವರ್ ಸಂಬಂಧ ಇಷ್ಟೇ. ಅಡುಗೆ ಒಳಗೆ, ಕೇಳುವವನು ಹೊರಗೆ. ನಮ್ಮಲ್ಲಿಯೂ ಲೆಕ್ಕದ ತಂತ್ರಾಂಶ ಇರುವುದು ಒಳಕೋಣೆಯ ಸರ್ವರಿನಲ್ಲಿ. ತೂಕದ ಮೇಜು, ಕ್ಯಾಶ್ ಕೌಂಟರು, ಗೋದಾಮು ಇಲ್ಲೆಲ್ಲ ಇರುವ ಯಂತ್ರಗಳಿಗೆ ಅದರ ಪರದೆ ಮಾತ್ರ ಕಾಣುತ್ತದೆ. ಇಲ್ಲಿ ಒತ್ತಿದ ಕೀಲಿ ಅಲ್ಲಿ ಬೀಳುತ್ತದೆ. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ‘ದೂರಮೇಜು’ ಎಂದು ಕನ್ನಡಿಸಬಹುದಾದರೂ ಮಂಡಿಯಲ್ಲಿ ಎಲ್ಲರೂ ‘ರಿಮೋಟು’ ಎನ್ನುವುದರಿಂದ ನಾವೂ ಹಾಗೇ ಎನ್ನುತ್ತೇವೆ. ತಿನ್ನುವವನು ಒಳಗೆ ಬೇಯಿಸಿದ್ದನ್ನು ತಿಂದರಾಯಿತು, ಅವನ ವಯಸ್ಸು ಕಟ್ಟಿಕೊಂಡು ಯಾರಿಗೇನು ಎಂಬ ನಂಬಿಕೆಯಲ್ಲಿ ಹತ್ತು ಹನ್ನೆರಡು ವರ್ಷ ಕಳೆದಿದ್ದವು.

ಇನ್ನು ಕಾಲವಿಚಾರ. ಕನ್ನಡ ಪಂಡಿತರು ಕವಿಯ ಕಾಲ-ದೇಶ-ಮತ ನಿರ್ಣಯವಾಗದೆ ಕಾವ್ಯದ ಪುಟ ತಿರುವುವುದಿಲ್ಲ. ನಾವು ಆ ಪರಂಪರೆಯವರು. ಭಾಷೆಯಂತೆ ಗಣಕಕ್ಕೂ ನಾಲ್ಕು ಅವಸ್ಥೆಗಳು. ಗೋದಾಮಿನ ಮೂಲೆಯಲ್ಲಿ, ಟಿಫಿನ್ ಡಬ್ಬಿಯ ಗಾತ್ರದ, ವಿಂಡೋಸ್ ಸಿಇ ಎಂಬ ಕಿರುವ್ಯವಸ್ಥೆಯ ಥಿನ್ ಕ್ಲೈಂಟ್ ಪೂರ್ವದ ಹಳಗಣಕ. 2001ರಲ್ಲಿ ಅವತರಿಸಿದ ಎಕ್ಸ್‌ಪಿ ಹಳಗಣಕ. ತೂಕದ ಮೇಜಿನಲ್ಲೊಂದು, ಕ್ಯಾಶ್ ಕೌಂಟರಿನಲ್ಲೊಂದು. ಮ್ಯಾನೇಜರರ ಕೋಣೆಯ ವಿಂಡೋಸ್ 7 ನಡುಗಣಕ. ವಿಂಡೋಸ್ 10 ಆಗಿನ ಹೊಸಗಣಕ, ಅದು ಪೇಟೆಯಿಂದ ಬರುವವರ ಬ್ಯಾಗಿನಲ್ಲಿ ಮಾತ್ರ ದೊರೆಯುತ್ತಿತ್ತು. ಎಕ್ಸ್‌ಪಿಗೆ ತಯಾರಕರು 2014ರ ಏಪ್ರಿಲ್ 8ರಂದೇ ಎಳ್ಳುನೀರು ಬಿಟ್ಟಿದ್ದಾರೆ. ಮಂಡಿಗೆ ಈ ಸಾವಿನ ಸುದ್ದಿ ತಲುಪಿರಲಿಲ್ಲವೆಂದಲ್ಲ, ತಲುಪಿದರೂ ಸೂತಕ ಹಿಡಿಯಲಿಲ್ಲ. ಕಾರಣ ಸರಳ. ತೂಕದ ಯಂತ್ರದಿಂದ ಬರುವ ದಪ್ಪ ವೈರಿನ ತುದಿಗೆ ಒಂಬತ್ತು ಸೂಜಿಯ ಪ್ಲಗ್ಗು. ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನದು ಇಪ್ಪತ್ತೈದು ಸೂಜಿ. ಈಚಿನ ಯಂತ್ರಗಳಿಗೆ ಈ ತೂತುಗಳೇ ಇರುವುದಿಲ್ಲ. ಮೂಗುತಿಯನ್ನು ಉಳಿಸಿಕೊಳ್ಳಲು ಮೂಗನ್ನೇ ಉಳಿಸಿಕೊಂಡ ಪ್ರಸಂಗವಿದು.

ಆಗಬೇಕಾದದ್ದು ಸರ್ವರಿಗೆ ಆಯಿತು. 2003ರ ಸರ್ವರ್ ವ್ಯವಸ್ಥೆಗೆ 2015ರ ಜುಲೈಯಲ್ಲೇ ಬೆಂಬಲ ನಿಂತಿತ್ತು. ಆಮೇಲೂ ಎರಡೂವರೆ ವರ್ಷ ಅದು ಬೆಂಬಲವಿಲ್ಲದೆ, ಫ್ಯಾನಿನ ಕರ್ಕಶದೊಂದಿಗೆ ನಡೆಯಿತು. ಯುಗಾದಿಯ ರಜೆಯಲ್ಲಿ ಅದನ್ನು ಕೆಳಗಿಳಿಸಿ 2012 ಆರ್2 ವ್ಯವಸ್ಥೆಯ ಹೊಸ ಪೆಟ್ಟಿಗೆಗೆ ಪಟ್ಟ ಕಟ್ಟಲಾಯಿತು. ಕಟ್ಟಿದವನು ನಾನು. ಲೆಕ್ಕ ವಿಭಾಗದ ನೌಕರ, ‘ಇವನಿಗೆ ಕಂಪ್ಯೂಟರ್ ಗೊತ್ತು’ ಎಂಬ ಆಪಾದನೆ ಹೊತ್ತವನು. ಮರುದಿನ ಹತ್ತೂಕಾಲಿಗೆ ಮೇಲೆ ಹೇಳಿದ ಕೂಗು.

ಕೂಗಿನ ಜಾಗಕ್ಕೆ ಓಡಿ ನೋಡಿದಾಗ ಪರದೆಯ ಮೇಲೆ ಒಂದು ಶಾಸನ. ಹದಿನಾರು ಸಾಲಿನ ಹಲ್ಮಿಡಿ ಶಾಸನದ ಬಗ್ಗೆ ವಿದ್ವಾಂಸರು ದಶಕಗಟ್ಟಲೆ ಚರ್ಚಿಸಿದ್ದಾರೆಂದ ಮೇಲೆ, ಎರಡೇ ವಾಕ್ಯದ ಇದಕ್ಕೆ ಒಂದು ಪರಿಚ್ಛೇದ ಕೊಟ್ಟರೆ ಹೆಚ್ಚಲ್ಲ. ಪಾಠ ಹೀಗಿದೆ: ದೂರದ ಗಣಕವು ಜಾಲಸ್ತರದ ದೃಢೀಕರಣವನ್ನು ಬಯಸುತ್ತದೆ, ಅದು ನಿನ್ನ ಗಣಕಕ್ಕೆ ಬಾರದು. ನೆರವಿಗೆ ನಿನ್ನ ವ್ಯವಸ್ಥೆಯ ನಿರ್ವಾಹಕನನ್ನು ಕಾಣು. ಮೊದಲ ವಾಕ್ಯ ರಾಜಾಜ್ಞೆ, ಸ್ಪಷ್ಟ. ಎರಡನೆಯದರ ಸ್ವರೂಪವನ್ನು ಗುರುತಿಸಿದವರಿಲ್ಲ. ನಮ್ಮ ದಾನಶಾಸನಗಳೆಲ್ಲ ಕೊನೆಗೆ ಶಾಪಾಶಯದಿಂದ ಮುಗಿಯುತ್ತವೆ. ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಎಂಬ ಬಗೆಯದು. ‘ನಿರ್ವಾಹಕನನ್ನು ಕಾಣು’ ಎಂಬುದು ಅದೇ ಜಾತಿಯ ಶಾಪ ಎಂದು ನಾವು ಸಾಧಿಸಬಲ್ಲೆವು. ಏಕೆಂದರೆ ಗುಮಾಸ್ತರು ಶಾಸನ ಓದಿ ಮುಗಿಸಿ ತಲೆ ಎತ್ತಿ ನನ್ನನ್ನೇ ಕಂಡರು. ಹೊರಗೆ ಅಂಗಳದಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆಬೇರೆಯಾಗಿ ಪೇರಿಸಿದ ಚೀಲಗಳ ಮೇಲೆ ಕೂತಿದ್ದ ಬೆಳೆಗಾರರೂ ಕಂಡರು.

ಜಾಲಸ್ತರದ ದೃಢೀಕರಣವೆಂದರೇನು? ಇದು ಅತಿಥಿಸತ್ಕಾರದ ಪ್ರಶ್ನೆ. ಹಿಂದೆ ಮನೆಗೆ ಯಾರೇ ಬಂದರೂ ಮೊದಲು ಬಾಗಿಲು ತೆಗೆಯುತ್ತಿದ್ದರು. ಜಗಲಿ ಹತ್ತಿಸಿ, ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು, ಬಂದವರು ಕಾಲು ಚಾಚಿ ಕೂತ ಮೇಲೆ ‘ತಮ್ಮದು ಯಾವೂರಾಯ್ತು?’ ಎಂದು ಕೇಳುವುದು. 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯಿಂದ ಆರಂಭವಾದ ರಿಮೋಟಿನ ರಿವಾಜೂ ಹೀಗೇ ಇತ್ತು. 3389ನೆಯ ಬಾಗಿಲಿಗೆ ಯಾರು ಬಡಿದರೂ ಸರ್ವರ್ ಒಂದು ಪೂರ್ತಿ ಸೆಷನ್ ಎಬ್ಬಿಸಿ, ಪರದೆ ಬಿಡಿಸಿ, ಆಮೇಲೆ ಹೆಸರು-ಪಾಸ್‌ವರ್ಡಿನ ಪೆಟ್ಟಿಗೆ ಮುಂದಿಡುತ್ತಿತ್ತು. ಹೆಸರು ಹೇಳದೆ ಎದ್ದು ಹೋದರೂ ಬೆಲ್ಲ ಖರ್ಚಾದದ್ದು ಖರ್ಚೇ. (ಮೂರು, ಮೂರು, ಎಂಟು, ಒಂಬತ್ತು ಕೂಡಿದರೆ ಇಪ್ಪತ್ತಮೂರು, ಅದನ್ನು ಕೂಡಿದರೆ ಐದು, ಪಂಚಭೂತಗಳೊಡನೆ ಇದರ ಸಂಬಂಧವನ್ನು ಬೇರೊಂದು ಲೇಖನದಲ್ಲಿ ನೋಡಲಾಗುವುದು.) ವಿಂಡೋಸ್ ವಿಸ್ಟಾದ ಕಾಲಕ್ಕೆ, 2007ರ ಸುಮಾರಿಗೆ, ರಿವಾಜು ಬದಲಾಯಿತು. ಬಾಗಿಲ ಸರಪಳಿ ತೆಗೆಯದೆ, ಕಿಂಡಿಯಲ್ಲೇ ಹೆಸರು ಕೇಳಿ, ಸರಿಯೆಂದು ಕಂಡರೆ ಮಾತ್ರ ಜಗಲಿ. ಹೀಗೆ ಕಿಂಡಿಯಲ್ಲಿ ಮಾತಾಡುವ ಭಾಷೆಯ ಹೆಸರು ಕ್ರೆಡ್‌ಎಸ್‌ಎಸ್‌ಪಿ. ಎಕ್ಸ್‌ಪಿಗೆ ಇದು ಬಾರದು. ಅದು ಬಾಗಿಲಲ್ಲಿ ನಿಂತು ಬೆಲ್ಲ ನೀರಿಗಾಗಿ ಕಾಯುತ್ತದೆ.

ಪೂರ್ವಪಕ್ಷ: ಹಾಗಾದರೆ ಸರಪಳಿಯನ್ನೇ ತೆಗೆದುಬಿಡೋಣ. ಸಿಸ್ಟಮ್ ಪ್ರಾಪರ್ಟೀಸ್ ತೆರೆದು, ರಿಮೋಟ್ ಎಂಬ ಹಾಳೆಯಲ್ಲಿ ಕೆಳಗಿನ ಚೌಕದ ರೈಟ್ ಮಾರ್ಕ್ ತೆಗೆದರೆ ಮುಗಿಯಿತು. ಆ ಸಾಲಿನ ಕೊನೆಗೆ ಕಂಸದಲ್ಲಿ ‘ಶಿಫಾರಸು’ ಎಂದಿದೆ. ‘ಶಿಫಾರಸು ಇದ್ದವರನ್ನು ಮಾತ್ರ ಬಿಡುವುದಂತೆ, ಇಲ್ಲಿಗೂ ಬಂತಾ ಅದು?’ ಎಂದು ಗುಮಾಸ್ತರು ವ್ಯಾಖ್ಯಾನಿಸಿದರು. ಬೆಳೆಗಾರರು ಕಾಯುತ್ತಿದ್ದುದರಿಂದ ಶಾಸ್ತ್ರಚರ್ಚೆಗೆ ಬಿಡುವಿರಲಿಲ್ಲ. ಹತ್ತೂ ಮುಕ್ಕಾಲಿಗೆ ಮಾರ್ಕ್ ತೆಗೆದೆ. ಎಕ್ಸ್‌ಪಿ ಎರಡೂ ಒಳಗೆ ಹೋಗಿ, ಎಂದಿನ ನೀಲಿ ಪರದೆಯ ಮುಂದೆ ಎಂದಿನಂತೆ ಕೂತವು.

ಪೂರ್ವಪಕ್ಷದಲ್ಲಿ ನಿಲ್ಲುವವನು ಮೀಮಾಂಸಕನಲ್ಲ. ಬಂದವರಿಗೆಲ್ಲ ಜಗಲಿ ಹತ್ತಿಸುವ ಮನೆಯಲ್ಲಿ ಕಳವಾಗುವುದು ಜಗಲಿಯಿಂದಲೇ. ಮರುವರ್ಷ, 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ತೂತು ಬಯಲಾದಾಗ ಇದು ಜಗತ್ತಿಗೆಲ್ಲ ತಿಳಿಯಿತು. ಹೆಸರೂ ಹೇಳದೆ, ಪಾಸ್‌ವರ್ಡೂ ಕೊಡದೆ, ಬಾಗಿಲು ಬಡಿದಷ್ಟಕ್ಕೇ ಒಳಗಿನ ಯಜಮಾನಿಕೆ ಕಸಿಯಬಹುದಾದ ದೋಷ ಅದು. ನಾವು ಕೆಳಗಿಳಿಸಿದ್ದ 2003ರ ಸರ್ವರ್ ಜಾತಿಯಲ್ಲಿ ಇತ್ತು, ಎಕ್ಸ್‌ಪಿಯಲ್ಲಿತ್ತು, 7ರಲ್ಲೂ ಇತ್ತು. ಕಿಂಡಿಯಲ್ಲಿ ಹೆಸರು ಕೇಳುವ ಮನೆಗಳಿಗೆ ಮಾತ್ರ ಸ್ವಲ್ಪ ರಕ್ಷಣೆ. ಆಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ತೇಪೆ ಬಿಡುಗಡೆ ಮಾಡಿತು. ತಿಥಿ ಊಟ ಮುಗಿದ ಐದು ವರ್ಷಕ್ಕೆ ಮನೆಗೆ ಔಷಧಿ ಬಂದ ಹಾಗೆ.

ಆದ್ದರಿಂದ ಸಿದ್ಧಾಂತ: ಸರಪಳಿ ಇರಲಿ, ಹಳಬರಿಗೆ ಕಿಂಡಿಯ ಭಾಷೆ ಕಲಿಸೋಣ. ಇದು ಸಾಧ್ಯವೆಂಬುದು ಹಳಗಣಕ ಸಂಶೋಧನೆಯ ಮುಖ್ಯ ಲಾಭ. 2008ರ ಸರ್ವಿಸ್ ಪ್ಯಾಕ್ 3ರಲ್ಲಿ ಎಕ್ಸ್‌ಪಿಗೆ ಆ ಭಾಷೆಯನ್ನು ಕಲಿಸಿಯೇ ಇದ್ದಾರೆ, ಕಲಿಸಿ ಬಾಯಿಗೆ ಬಟ್ಟೆ ಕಟ್ಟಿ ಕೂರಿಸಿದ್ದಾರೆ. ಬಟ್ಟೆ ಬಿಚ್ಚುವ ಕ್ರಿಯೆ ರಿಜಿಸ್ಟ್ರಿ ಎಂಬ ಗರ್ಭಗುಡಿಯಲ್ಲಿ ನಡೆಯಬೇಕು. ಎಲ್‌ಎಸ್‌ಎ ಎಂಬ ಮಂಟಪದಲ್ಲಿ ‘ಸೆಕ್ಯುರಿಟಿ ಪ್ಯಾಕೇಜಸ್’ ಪಟ್ಟಿ ತೆರೆದು, ಇದ್ದ ಹೆಸರುಗಳ ಕೆಳಗೆ ಹೊಸ ಸಾಲಿನಲ್ಲಿ ಟಿಎಸ್‌ಪಿಕೆಜಿ ಎಂದು ಬರೆಯಬೇಕು. ‘ಸೆಕ್ಯುರಿಟಿ ಪ್ರೊವೈಡರ್ಸ್’ ಸಾಲಿನ ಕೊನೆಗೆ ಅಲ್ಪವಿರಾಮ ಹಾಕಿ ಕ್ರೆಡ್‌ಎಸ್‌ಎಸ್‌ಪಿ ಡಾಟ್ ಡಿಎಲ್‌ಎಲ್ ಎಂದು ಸೇರಿಸಬೇಕು. ಟಿಎಸ್‌ಪಿಕೆಜಿ ಸ್ವರವೇ ಇಲ್ಲದ ಬೀಜಾಕ್ಷರ. ಉಚ್ಚರಿಸಿದವರಿಲ್ಲ, ಉಚ್ಚರಿಸುವುದೂ ಬೇಡ. ಮೊದಲಿದ್ದುದರಲ್ಲಿ ಒಂದಕ್ಷರವನ್ನೂ ಅಳಿಸಬಾರದು. ಲಿಪಿಕಾರರ ಕೈತಪ್ಪಿನಿಂದ ಕಾವ್ಯ ಕೆಟ್ಟರೆ ಪಾಠಾಂತರ ಎನ್ನಬಹುದು, ಇಲ್ಲಿ ಕೆಟ್ಟರೆ ಯಂತ್ರವೇ ಏಳದಿರಬಹುದು. ಬರೆದು, ಮುಚ್ಚಿ, ರೀಸ್ಟಾರ್ಟ್ ಮಾಡಿದೆ. ಕ್ಯಾಶ್ ಕೌಂಟರಿನದು ಸರ್ವಿಸ್ ಪ್ಯಾಕ್ 2ರಲ್ಲೇ ನಿಂತಿತ್ತು. ಅದನ್ನು 3ಕ್ಕೆ ಎತ್ತಿ ಆಮೇಲೆ ಅದೇ ಸಂಸ್ಕಾರ ಮಾಡಲು ಒಂದಿಡೀ ಸಂಜೆ ಹೋಯಿತು. ಮೂರನೆಯ ದಿನ ಸರ್ವರಿನ ಚೌಕದಲ್ಲಿ ಮಾರ್ಕ್ ಮರಳಿ ಹಾಕಿದೆ. ಹಳಗಣಕಗಳೆರಡೂ ಕಿಂಡಿಯಲ್ಲಿ ಹೆಸರು ಹೇಳಿ, ಕಾಲು ತೊಳೆದು ಒಳಗೆ ಬಂದವು. ಪೂರ್ವದ ಹಳಗಣಕಕ್ಕೆ ಕಲಿಸುವ ದಾರಿ ಕಾಣಲಿಲ್ಲ. ಅದರ ಮೇಲೆ ಈಗ ಗೋದಾಮಿನವರು ದೇವರ ಫೋಟೋ ಇಟ್ಟಿದ್ದಾರೆ.

ಒಳಗೆ ಬಂದದ್ದಷ್ಟೇ ಪ್ರವೇಶವಲ್ಲವೆಂದು ಪ್ರಿಂಟರ್ ತೋರಿಸಿಕೊಟ್ಟಿತು. ಸರ್ವರಿಗೆ ನಮ್ಮ ಡಾಟ್ ಮ್ಯಾಟ್ರಿಕ್ಸಿನ ಪರಿಚಯವಿರಲಿಲ್ಲ. ಅದು ಈಸಿ ಪ್ರಿಂಟ್ ಎಂಬ ತನ್ನ ಸರ್ವಸಮನ್ವಯ ಮಾರ್ಗ ಹಿಡಿದು, ಬಿಲ್ಲಿನ ಅಕ್ಷರಗಳನ್ನು ಅಕ್ಷರವೆಂದು ಕಳಿಸದೆ ಚಿತ್ರವೆಂದು ಕಳಿಸಿತು. ಮೊದಲು ಟರ್‌ರ್ ಟರ್‌ರ್ ಎಂದು ನಾಲ್ಕು ಉಸಿರಿಗೆ ಮುಗಿಯುತ್ತಿದ್ದ ಬಿಲ್ಲು ಈಗ ಕ್ರೀ... ಕ್ರೀ... ಎಂದು ಒಂದೊಂದು ಸಾಲಿಗೂ ಹತ್ತು ಬಾರಿ ಹೋಗಿ ಬಂದು, ರಂಗೋಲಿ ಹಾಕಿದಂತೆ ಹಾಕಿತು. ಕಾರ್ಬನ್ನಿನ ಕೆಳಗಿನ ಪ್ರತಿಯಲ್ಲಿ ಬೆಟ್ಟೆಯ ದರ ಮಸುಕು. ‘ಇದರಲ್ಲಿ ಆರು ಅಂತದಾ ಎಂಟು ಅಂತದಾ?’ ಎಂದು ಬೆಳೆಗಾರರೊಬ್ಬರು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಎಂಟು ಎಂದು ಅವರೇ ತೀರ್ಮಾನಿಸಿದರು. ಪ್ರಿಂಟರಿನ ಸ್ವಂತ ಡ್ರೈವರನ್ನು ಅದೇ ಹೆಸರಿನಲ್ಲಿ ಸರ್ವರಿಗೂ ಹಾಕಿ, ಈಸಿ ಪ್ರಿಂಟನ್ನು ಮೊದಲು ಹಿಡಿಯಬೇಡ ಎಂದು ಪಾಲಿಸಿಯಲ್ಲಿ ಬರೆದ ಮೇಲೆ ಟರ್‌ರ್ ಮರಳಿತು.

ಲೈಸೆನ್ಸಿನ ವಿಷಯ ಚಿಕ್ಕದು. ಹೊಸ ಸರ್ವರ್ ಲೈಸೆನ್ಸಿಲ್ಲದೆ 120 ದಿನ ಎಲ್ಲರನ್ನೂ ಬಿಟ್ಟುಕೊಳ್ಳುತ್ತದೆ, ಅಂದರೆ ಚಾತುರ್ಮಾಸ್ಯ. ನಮ್ಮ ಸ್ವಾಮಿಗಳು ಪಕ್ಷವನ್ನೇ ಮಾಸವೆಂದೆಣಿಸಿ ಎರಡೇ ತಿಂಗಳಿಗೆ ವ್ರತ ಮುಗಿಸುವುದುಂಟು. ಇಲ್ಲಿ ಆ ವಿನಾಯಿತಿ ಇಲ್ಲ, ಪೂರ್ತಿ ನಾಲ್ಕು ತಿಂಗಳು. ಮುಗಿದ ಮರುದಿನ ಯಾರಿಗೂ ದರ್ಶನವಿಲ್ಲ. ಅಷ್ಟರೊಳಗೆ ಹಣ ಮಂಜೂರು ಮಾಡಿಸುವುದು ಗಣಕಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟರಲ್ಲಿ ಪ್ರಬಂಧ ಮುಗಿಯಬೇಕಿತ್ತು. ಆದರೆ ಅದೇ 2018ರ ಮೇ ತಿಂಗಳಲ್ಲಿ ನಮ್ಮ ವರ್ಗೀಕರಣಕ್ಕೇ ಏಟು ಬಿತ್ತು. ವಿಧಾನಸಭೆ ಚುನಾವಣೆಯ ವಾರ. ಹನ್ನೆರಡಕ್ಕೆ ಮತದಾನ, ರಾಜ್ಯವೆಲ್ಲ ಗುರುತಿನ ಚೀಟಿ ಹುಡುಕುತ್ತಿದ್ದ ಹೊತ್ತು. ಬೆಂಗಳೂರಿನಿಂದ ಕೊಟೇಶನ್ ಪಂಥದ ತರುಣ ಎಂಜಿನಿಯರ್ ಒಬ್ಬರು ಹೊಸಗಣಕದೊಂದಿಗೆ ಬಂದಿಳಿದರು. ತೂಕದ ಮೇಜಿನ ಎಕ್ಸ್‌ಪಿಯನ್ನು ಕಂಡು ‘ಇದಿನ್ನೂ ಜೀವಂತ ಇದೆಯಾ ಸರ್?’ ಎಂದರು. ಆಮೇಲೆ ತಮ್ಮ ಲ್ಯಾಪ್‌ಟಾಪ್ ಬಿಡಿಸಿ ಸರ್ವರಿಗೆ ಕರೆ ಕೊಟ್ಟರು. ಶಾಸನ ಮೂಡಿತು. ಈ ಸಲ ಅದರಲ್ಲಿ ‘ಎನ್‌ಕ್ರಿಪ್ಶನ್ ಒರಾಕಲ್ ರೆಮಿಡಿಯೇಶನ್’ ಎಂಬ ಅಪೂರ್ವ ಸಮಾಸ. ಒರಾಕಲ್ ಎಂದರೆ ಕಣಿ, ರೆಮಿಡಿಯೇಶನ್ ಎಂದರೆ ಪರಿಹಾರ. ಒಟ್ಟಿಗೆ ಗೂಢಲಿಪಿಯ ಕಣಿದೋಷ ಪರಿಹಾರ. ‘ಹಾಗಾದರೆ ಪಾತ್ರಿಯವರನ್ನು ಕರೆಸುವುದಾ?’ ಎಂದು ಕ್ಯಾಶಿಯರ್ ಮೇಡಂ ಗಂಭೀರವಾಗಿಯೇ ಕೇಳಿದರು.

ಸಂಗತಿ ಇಷ್ಟು. ಕಿಂಡಿಯ ಭಾಷೆಯಲ್ಲೇ ಒಂದು ದೋಷ ಸಿಕ್ಕಿ, ಆ ಮಾರ್ಚಿನಲ್ಲಿ ತೇಪೆ ಬಂದಿತ್ತು. ಮೇ 8ರ ಅಪ್‌ಡೇಟು ಒಂದು ಹೆಜ್ಜೆ ಮುಂದೆ ಹೋಗಿ, ತೇಪೆ ಹಾಕಿಸಿಕೊಂಡ ಗಿರಾಕಿಯು ತೇಪೆಯಿಲ್ಲದ ಸರ್ವರಿನೊಡನೆ ಮಾತೇ ಆಡಕೂಡದೆಂದು ಕಟ್ಟುಮಾಡಿತು. ಎಂಜಿನಿಯರರ ಲ್ಯಾಪ್‌ಟಾಪ್ ಹಿಂದಿನ ರಾತ್ರಿಯಷ್ಟೇ ಅಪ್‌ಡೇಟ್ ಆಗಿತ್ತು. ನಮ್ಮ ಸರ್ವರಿಗೋ, ಡಿಸ್ಕಿನಿಂದ ಇಳಿಸಿದ್ದನ್ನು ಬಿಟ್ಟರೆ ಒಂದೇ ಒಂದು ಅಪ್‌ಡೇಟೂ ಕಂಡದ್ದಿಲ್ಲ. ಯುಗಾದಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಕೂರಿಸಿದ ಪೆಟ್ಟಿಗೆ ಎರಡನೇ ತಿಂಗಳಿಗೆ ಹಳಗಣಕವಾಗಿತ್ತು. ನಾಲ್ಕು ಅವಸ್ಥೆಗಳ ನಮ್ಮ ಕೋಷ್ಟಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಒಳಕೋಣೆಗೇ ಹೋಗಿ ತೇಪೆ ಹಾಕೋಣವೆಂದರೆ ಸರ್ವರಿನ ಮಾನಿಟರನ್ನು ಕ್ಯಾಶ್ ಕೌಂಟರಿಗೆ ಎತ್ತಿಕೊಂಡು ಹೋಗಿ ಒಂದು ತಿಂಗಳಾಗಿತ್ತು. ಎಂಜಿನಿಯರರು ಲ್ಯಾಪ್‌ಟಾಪನ್ನು ಎರಡು ಸಲ ಮುಚ್ಚಿ ತೆರೆದರು. ಆಗ ತೂಕದ ಗುಮಾಸ್ತರು ತಮ್ಮ ಸ್ಟೂಲಿನಿಂದ ಎದ್ದು, ಕೀಬೋರ್ಡಿನ ಮೇಲಿದ್ದ ಅಡಿಕೆ ಸಿಪ್ಪೆಯನ್ನು ಅಂಗೈಯಿಂದ ಒರೆಸಿದರು.

‘ಇದರಲ್ಲಿ ಕೂತ್ಕೊಳ್ಳಿ, ಇದು ಹೋಗ್ತದೆ. ಎ ಮಾತ್ರ ಸ್ವಲ್ಪ ಗಟ್ಟಿ ಒತ್ತಬೇಕು.’